ಅಳತೆಗೆ ಸರಿಯಾದ ಸೈಕಲ್

ಸೈಕಲಿನ ಅಳತೆ ಸರಿಯಾಗಿತ್ತು. ಅದರ ಬಗ್ಗೆ ಎಷ್ಟು ಕಹಿಯಾಗಿ ಯೋಚಿಸಿದರೂ ಆ ಒಂದು ಮಾತನ್ನು ಒಪ್ಪಲೇಬೇಕು. ತಂಗಿಯ ಕಾಲಿಗೆ, ಬೆನ್ನಿಗೆ, ಕೈಯ ಉದ್ದಕ್ಕೆ ದರ್ಜಿ ಹೊಲಿದು ಕೊಟ್ಟ ಹಾಗಿತ್ತು ಅದು. ನಾವು ಭಯಪಟ್ಟದ್ದು ಅಳತೆಯ ಬಗ್ಗೆ ಮಾತ್ರ. ಬೇರೆ ಯಾವುದರ ಬಗ್ಗೆ ಭಯಪಡಬೇಕು ಎಂಬುದು ನಮಗೆ ಹೊಳೆದಿರಲಿಲ್ಲ.

ತಂಗಿ ಬದಿಯಡ್ಕದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಅವಳ ಅಕ್ಕ ನಾನು, ಎಂ.ಎಸ್ಸಿ. ಮುಗಿಸಿ ಅದೇ ಪೇಟೆಯ ಪ್ಯಾರಲಲ್ ಕಾಲೇಜಿನಲ್ಲಿ, ಅಂದರೆ ಖಾಸಗಿ ಟ್ಯುಟೋರಿಯಲ್ಲಿನಲ್ಲಿ, ಫಿಸಿಕ್ಸ್ ಕಲಿಸುತ್ತಿದ್ದೆ. ನಮ್ಮ ಮನೆ ಮೊಗ್ರಾಲಿನಲ್ಲಿ, ಹೊಳೆ ಸಮುದ್ರಕ್ಕೆ ಸೇರುವ ಕಡೆ. ಅಪ್ಪ ಇಲ್ಲ. ಅಮ್ಮ, ನಾವಿಬ್ಬರು, ಮತ್ತು ಗಲ್ಫಿನಲ್ಲಿ ಅಣ್ಣ. ಮನೆಮಾತು ತುಳು, ಇಲ್ಲಿ ಬರೆದಿರುವ ನಮ್ಮ ಮಾತುಗಳೆಲ್ಲ ತುಳುವಿನಿಂದ ಕನ್ನಡಕ್ಕೆ ಬಂದಂಥವು.

ತಂಗಿ ಹೊಳೆಯಲ್ಲಿ ಈಜುತ್ತ ಬೆಳೆದವಳು. ಕಡಲ ಬದಿಯ ಮರಳಲ್ಲಿ ಓಡುವುದೂ ಅವಳಿಗೆ ಹೊಸತಲ್ಲ. ಟ್ರಯಥ್ಲಾನ್ ಎಂಬ ಸ್ಪರ್ಧೆ ಇದೆ, ಮೊದಲು ಈಜಿ, ನೀರಿನಿಂದ ಎದ್ದವರೇ ಸೈಕಲ್ ಹತ್ತಿ, ಅದರಿಂದ ಇಳಿದವರೇ ಓಡಬೇಕು ಎಂದು ಅವಳು ಎಲ್ಲೋ ಓದಿದಳು. ಎರಡು ಗೊತ್ತಿರುವವಳಿಗೆ ಮೂರನೆಯದು ಕಷ್ಟವೇ ಎಂದು ಅವಳ ಲೆಕ್ಕ. ಮೂವತ್ತು ದಾಟುವುದರೊಳಗೆ ಒಮ್ಮೆಯಾದರೂ ಮಾಡಿ ಮುಗಿಸಬೇಕು ಎಂಬ ಹಟ. ಅದು 2016ರ ಮಳೆಗಾಲದ ಕೊನೆ.

ಸೈಕಲ್ ಅಂದರೆ ಶಾಲೆಗೆ ಹೋಗುವ ಸೈಕಲ್ ಆಗುವುದಿಲ್ಲ. ತೆಳ್ಳಗಿನ ಚಕ್ರದ, ಕೆಳಕ್ಕೆ ಬಾಗಿದ ಹ್ಯಾಂಡಲಿನ ರೋಡ್ ಬೈಕ್ ಬೇಕು. ಕಾರ್ಬನ್ನಿನದು ನಮ್ಮ ಕೈಗೆ ಎಟುಕುವುದಲ್ಲ. ಕಬ್ಬಿಣ ಬೇಡವೆಂದು ಅವಳು ಮೊದಲೇ ತೀರ್ಮಾನಿಸಿದ್ದಳು. ನಮ್ಮ ಕಿಟಕಿಯ ಸರಳುಗಳನ್ನು ನೋಡಿದರೆ ಸಾಕು. ಪ್ರತಿ ಮಳೆಗಾಲ ಮುಗಿದಾಗ ಉಜ್ಜಿ ಪೈಂಟ್ ಬಳಿಯದಿದ್ದರೆ ಉಪ್ಪುಗಾಳಿ ಅವನ್ನು ಹಪ್ಪಳದ ಹಾಗೆ ಪುಡಿ ಮಾಡುತ್ತದೆ. ಹಾಗಾಗಿ ಅಲ್ಯೂಮಿನಿಯಂ. ಹಗುರ, ತುಕ್ಕು ಹಿಡಿಯುವುದಿಲ್ಲ.

ಮಂಗಳೂರಿನ ಒಂದು ಅಂಗಡಿಗೆ ಹೋದೆವು. ಅಲ್ಲಿದ್ದದ್ದು ಎತ್ತರದ ಗಂಡಸರಿಗೆ ಮಾಡಿದ ಒಂದೇ ಒಂದು ಸೈಕಲ್. ತಂಗಿ ಕಾಲು ದಾಟಿಸಿ ನಿಂತರೆ ಮೇಲಿನ ಪೈಪು ಅವಳನ್ನು ತುದಿಗಾಲಲ್ಲಿ ನಿಲ್ಲಿಸುತ್ತಿತ್ತು. ಸೀಟಿನಲ್ಲಿ ಕೂತರೆ ಹ್ಯಾಂಡಲ್ ಹಿಡಿಯಲು ಅಡ್ಡ ಮಲಗಬೇಕಿತ್ತು.

"ಸೀಟು ಇಳಿಸಿದ್ರೆ ಆಯ್ತಲ್ಲ ಮೇಡಂ," ಅಂದ ಅಂಗಡಿಯವ.

"ಸೀಟು ಇಳಿಸ್ಬಹುದು. ನನ್ನ ಕೈ ಉದ್ದ ಮಾಡ್ಲಿಕ್ಕೆ ಆಗ್ತದಾ?"

ಅವನು ನಕ್ಕ. ನಾವು ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಮನೆಗೆ ಬಂದವಳು ತನ್ನ ಅಳತೆ ತಾನೇ ತೆಗೆಯತೊಡಗಿದಳು. ಗೋಡೆಗೆ ಬೆನ್ನು ಒತ್ತಿ, ಬರಿಗಾಲಲ್ಲಿ ನಿಂತು, ನನ್ನ ದಪ್ಪ ಫಿಸಿಕ್ಸ್ ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದಳು. ಪುಸ್ತಕದ ಅಂಚು ಗೋಡೆಗೆ ತಾಗಿದಲ್ಲಿ ನಾನು ಪೆನ್ಸಿಲ್ ಗೆರೆ ಹಾಕಿದೆ. ಆಮೇಲೆ ಕೈಯ ಉದ್ದ, ಭುಜದ ಅಗಲ, ಸೊಂಟದಿಂದ ಕುತ್ತಿಗೆಯವರೆಗೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, "ಕಂಡ ಕಂಡ ಮದುವೆಗೆ ರವಿಕೆ ಹೊಲಿಸುವಾಗ ಹಳೇದನ್ನೇ ಅಳತೆಗೆ ಕೊಡುವವಳು ಇವಳು. ಈಗ ನೋಡು," ಅಂದರು.

ಅಣ್ಣ ಫೋನ್ ಮಾಡಿದಾಗ ಅಮ್ಮನೇ ಇದನ್ನು ದೂರಿನ ಹಾಗೆ ಹೇಳಿದ್ದು. ಅವನು ಕೂಡಲೇ ತಂಗಿಗೆ ಫೋನ್ ಕೊಡಲು ಹೇಳಿದ.

"ಅಲ್ಲಿ ಎಂತ ಹುಡುಕ್ತೀ ನೀನು? ಇಲ್ಲಿ ಎಲ್ಲ ಸಿಗ್ತದೆ. ಅಳತೆ ಕಳಿಸು."

ಕಳಿಸಿದಳು. ಆಮೇಲಿನ ವಾರಗಳಲ್ಲಿ ಅವನು ಫೋನ್ ಮಾಡಿದಾಗೆಲ್ಲ ಸೈಕಲಿನದೇ ಮಾತು. ಇವತ್ತು ಒಂದು ಅಂಗಡಿಗೆ ಹೋಗಿದ್ದೆ, ಎಲ್ಲ ಬಿಳಿಯರ ಸೈಜು. ಇನ್ನೊಂದು ಕಡೆ ಸೈಜು ಉಂಟು, ಅಲ್ಯೂಮಿನಿಯಂ ಅಲ್ಲ. ನಿನ್ನಂಥ ಕುಳ್ಳಿಯರಿಗೆ ಸೈಕಲ್ ಮಾಡುವ ಕಂಪೆನಿ ಇನ್ನೂ ಹುಟ್ಟಲಿಲ್ಲ ಮಾರಾಯ್ತಿ. ತಂಗಿ ನಗುತ್ತಿದ್ದಳು. ಬಿಸಿಲಲ್ಲಿ ಕೆಲಸ ಮುಗಿಸಿ, ತನ್ನ ಅಳತೆಯ ಚೀಟಿ ಹಿಡಿದು ಅಣ್ಣ ಅಂಗಡಿ ಅಂಗಡಿ ಅಲೆಯುವುದನ್ನು ಅವಳು ಕಣ್ಣಲ್ಲೇ ಕಾಣುತ್ತಿದ್ದಳು. ನಾನೂ ಕಂಡಿದ್ದೆ.

ಕೊನೆಗೆ ಫೋಟೋ ಬಂತು. ಬೂದು ಬಣ್ಣದ ಸೈಕಲ್, ಗೋಡೆಗೆ ಒರಗಿಸಿದ್ದು. ಮರುದಿನ ಇನ್ನೊಂದು, ಮತ್ತೊಂದು. ಎಲ್ಲವೂ ಚೈನ್ ಇರುವ ಬಲಬದಿಯಿಂದ ತೆಗೆದವು. ಸೈಕಲಿನ ಫೋಟೋವನ್ನು ಜನ ಆ ಬದಿಯಿಂದಲೇ ತೆಗೆಯುತ್ತಾರೆ. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವನು ಬರೆದಿದ್ದ: ಹೊಸ ಸೈಕಲ್, ನಿನ್ನದೇ ಸೈಜು.

ರಜೆಯಲ್ಲಿ ಊರಿಗೆ ಬರುವ ಪಕ್ಕದ ಊರಿನವರೊಬ್ಬರ ಜತೆ ಸೈಕಲ್ ಬಿಡಿಬಿಡಿಯಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಹಗ್ಗ ಬಿಗಿದು, ಮಾರ್ಕರಿನಲ್ಲಿ ಹೆಸರು ಬರೆದ ಗಲ್ಫ್ ಪೆಟ್ಟಿಗೆಯನ್ನು ನಮ್ಮಲ್ಲಿ ಯಾರೂ ಬಾಗಿಲು ಹಾಕಿಕೊಂಡು ಬಿಚ್ಚುವುದಿಲ್ಲ. ನೆರೆಯವರು ಬರುತ್ತಾರೆ, ಚಹಾ ಆಗುತ್ತದೆ. ಬಂದ ವಸ್ತುವನ್ನು ಹೊಗಳುತ್ತಾರೆ, ಆದರೆ ಹೊಸದೋ ಹಳೆಯದೋ ಎಂದು ತಿರುಗಿಸಿ ನೋಡುವುದಿಲ್ಲ. ತಿರುಗಿಸಿ ನೋಡಿದರೆ ಕಳಿಸಿದವನನ್ನು ಅನುಮಾನಿಸಿದ ಹಾಗೆ. ಕಂಬಳಿಯಾಗಲಿ ಅತ್ತರಾಗಲಿ ಟಾರ್ಚಾಗಲಿ, ಇದೇ ಕ್ರಮ.

ನೆರೆಮನೆಯ ಅಜ್ಜಿ ಒಂದೊಂದೇ ಭಾಗ ಹೊರಬರುವುದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಇದಕ್ಕೆ ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲೂ ಇಲ್ಲ. ಅರ್ಧ ಸೈಕಲ್ ಕಳಿಸಿದ್ದಾನಲ್ಲ ನಿನ್ನ ಅಣ್ಣ!"

ಎಲ್ಲರೂ ನಕ್ಕರು. ಆಗಲೇ ಫ್ರೇಮಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ್ದು. ಹ್ಯಾಂಡಲಿನ ಬುಡದಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಕೆಳಗಿನ ದಪ್ಪ ಪೈಪಿನ ಮೇಲೆ, ಮೇಲ್ತುದಿಯಲ್ಲಿ, ಕೆಂಪು ಸ್ಟಿಕ್ಕರಿನಲ್ಲಿ ಅವಳ ಹೆಸರಿತ್ತು. ಶಾಲೆಯ ಹೆಸರಲ್ಲ, ಮನೆಯಲ್ಲಿ ಕರೆಯುವ ಹೆಸರು, ಕನ್ನಡ ಅಕ್ಷರದಲ್ಲಿ. ನಮ್ಮ ಕಡೆ ಬಸ್ಸು, ಜೀಪು, ರಿಕ್ಷಾ ಯಾವುದಕ್ಕೂ ಹೆಸರಿಲ್ಲದೆ ಇರುವುದಿಲ್ಲ. ಮಕ್ಕಳ ಹೆಸರು, ದೇವರ ಹೆಸರು, ಏನಾದರೂ ಒಂದು. ಆದರೆ ಗಲ್ಫಿನಲ್ಲಿ ಕನ್ನಡದ ಸ್ಟಿಕ್ಕರ್! ಅಗಲವಾದ ಕೆಂಪು ಪಟ್ಟಿ ಪೈಪಿನ ಸುತ್ತ ಒಂದು ಸುತ್ತು ಬಂದಿತ್ತು. ಅದರ ಮೇಲೆ ಬಿಳಿ ಅಕ್ಷರ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ತಂಗಿ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಕನ್ನಡ ಅಕ್ಷರ ಕತ್ತರಿಸುವವನನ್ನು ಹುಡುಕಿ ಹುಡುಕಿ ಸಾಕಾಯ್ತು ನನಗೆ," ಅಂದ ಅಣ್ಣ ಫೋನಿನಲ್ಲಿ. ಆ ಮಾತು ಮಾತ್ರ ನಿಜವಿರಬೇಕು.

ಕಾಸರಗೋಡಿನ ಒಂದು ಸೈಕಲ್ ಅಂಗಡಿಯಲ್ಲಿ ಭಾಗಗಳನ್ನು ಜೋಡಿಸಿ ಕೊಟ್ಟರು. ತಂಗಿ ಮನೆಯ ಅಂಗಳದಲ್ಲಿ ಕಾಲು ದಾಟಿಸಿ ನಿಂತಳು. ಪೈಪಿಗೂ ಅವಳಿಗೂ ನಡುವೆ ಬೇಕಾದಷ್ಟು ಅಂತರ. ನಾನು ಸೀಟು ಹಿಡಿದು ನಿಂತೆ, ಅವಳು ಹತ್ತಿ ಪೆಡಲನ್ನು ಹಿಂದಕ್ಕೆ ತಿರುಗಿಸಿದಳು. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು, ಇತ್ತು. ಹ್ಯಾಂಡಲ್ ಹಿಡಿದಾಗ ಮೊಣಕೈ ಬಿಗಿಯಬಾರದು, ಸಡಿಲವಾಗಿತ್ತು. "ಅಕ್ಕ, ಮೈಗೆ ಅಂಟಿಸಿದ ಹಾಗೆ ಉಂಟು," ಅಂದಳು. ಅವಳ ಮುಖ ನನಗೆ ಈಗಲೂ ನೆನಪಿದೆ. ಅಣ್ಣನ ಮೇಲೆ ನನಗೆ ಸಿಟ್ಟು ಬರುವುದು ಬಿದ್ದ ದಿನವನ್ನು ನೆನೆದಾಗ ಅಲ್ಲ, ಈ ಮುಖವನ್ನು ನೆನೆದಾಗ.

ಅಮ್ಮ ಒಂದು ಶರತ್ತು ಹಾಕಿದ್ದರು: ಒಬ್ಬಳೇ ಹೋಗಬಾರದು, ಅಕ್ಕ ಸ್ಕೂಟರಿನಲ್ಲಿ ಹಿಂದೆ ಇರಬೇಕು. ಹಾಗೆ ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರು ಹೊರಡುತ್ತಿದ್ದೆವು. ಕುಂಬಳೆಯಲ್ಲಿ ಹೈವೇ ಬಿಟ್ಟು, ಸೀತಂಗೋಳಿಯ ಏರು ಹತ್ತಿ, ಬದಿಯಡ್ಕ, ಅಲ್ಲಿಂದ ಅಗಲ್ಪಾಡಿ. ಅಗಲ್ಪಾಡಿಯಲ್ಲಿ ಒಂದು ಅಂಗಡಿಯ ಬೆಂಚಿನಲ್ಲಿ ಕೂತು ಸೋಡಾ ಶರಬತ್ತು ಕುಡಿದು ವಾಪಸು. ಏರಿನಲ್ಲಿ ಅವಳ ಉಸಿರು ನನಗೆ ಹಿಂದಿನಿಂದ ಕೇಳುತ್ತಿತ್ತು. ಇಳಿಜಾರಿನಲ್ಲಿ ಅವಳು ಹ್ಯಾಂಡಲಿನ ಬಾಗಿದ ಭಾಗ ಹಿಡಿದು ಬಗ್ಗಿದರೆ ನನ್ನ ಸ್ಕೂಟರು ಹಿಂದೆ ಬೀಳುತ್ತಿತ್ತು. ಅಡಿಕೆ ತುಂಬಿದ ಜೀಪಿನವರು ಹಾರನ್ ಹೊಡೆದು, "ಬೇಗ ಹೋಗಿ ಟೀಚರೇ, ಬೆಲ್ ಆಯ್ತು!" ಎನ್ನುತ್ತಿದ್ದರು.

ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಅದು ಹತ್ತಿರ ಬಂದಿದ್ದ ಒಂದು ಭಾನುವಾರ.

ಸೀತಂಗೋಳಿ ದಾಟಿ ಕುಂಬಳೆಯ ಕಡೆಗೆ ಇಳಿಯುತ್ತಿದ್ದೆವು. ರಸ್ತೆ ಒಣಗಿತ್ತು. ಹೊಂಡವಿರಲಿಲ್ಲ. ಇದನ್ನು ನಾನು ಅನೇಕರಿಗೆ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ: ಹೊಂಡವಿರಲಿಲ್ಲ. ಅವಳು ನನಗಿಂತ ಸ್ವಲ್ಪ ಮುಂದೆ, ಎಡಬದಿಯಲ್ಲೇ ಇದ್ದಳು. ಎದುರಿನಿಂದ ಕುಂಬಳೆಯ ಬಸ್ಸು ಏರು ಹತ್ತುತ್ತಿತ್ತು. ತಿರುವಿನ ಮೊದಲು ಅವಳು ಬ್ರೇಕ್ ಹಿಡಿದಳು. ಆಗ ಒಂದು ಸದ್ದಾಯಿತು. ದೊಡ್ಡ ಸದ್ದಲ್ಲ, ಒಣ ತೆಂಗಿನ ಮಡಲನ್ನು ಮೊಣಕಾಲಿಗೆ ಇಟ್ಟು ಮುರಿದ ಹಾಗೆ.

ಸೈಕಲಿನ ಮುಂಭಾಗ ಒಳಕ್ಕೆ ಮಡಚಿತು. ಮುಂದಿನ ಚಕ್ರ ಹಿಂದಕ್ಕೆ, ಅವಳ ಪಾದದ ಕಡೆಗೆ ಬಂತು. ತಂಗಿ ಹ್ಯಾಂಡಲಿನ ಮೇಲಿಂದ ಹಾರಿ ರಸ್ತೆಯ ಮಧ್ಯಕ್ಕೆ ಬಿದ್ದು, ಜಾರಿ, ಬಸ್ಸಿನ ಕಡೆಗೇ ಹೋದಳು. ಬಸ್ಸಿನ ಮುಂದೆ ಮಲ್ಲಿಗೆಯ ಬಾಡಿದ ಮಾಲೆ ಇತ್ತು. ಅದು ಅಲುಗುವುದನ್ನು ನಾನು ನೋಡಿದೆ. ಡ್ರೈವರ್ ಸೀಟಿನಿಂದ ಎದ್ದೇ ನಿಂತು ಬ್ರೇಕ್ ಒತ್ತಿದ್ದನ್ನೂ ನೋಡಿದೆ. ಚಕ್ರ ನಿಂತಾಗ ಅದಕ್ಕೂ ಅವಳ ಹೆಲ್ಮೆಟ್ಟಿಗೂ ನಡುವೆ ಒಬ್ಬರು ಕುಕ್ಕರಗಾಲಲ್ಲಿ ಕೂರುವಷ್ಟು ಜಾಗ ಉಳಿದಿತ್ತು. ನಾನು ಅಲ್ಲೇ ಹೋಗಿ ಕೂತದ್ದು, ಅದರಿಂದ ಗೊತ್ತು.

ತರಗತಿಯಲ್ಲಿ ನಾನು ವೇಗ, ದೂರ, ಕಾಲ ಎಂದು ಬೋರ್ಡಿನ ಮೇಲೆ ಬರೆಯುವವಳು. ಆ ಕ್ಷಣವನ್ನು ಹಾಗೆ ಬಿಡಿಸಿ ಬರೆಯಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬಸ್ಸು ಕುಂಬಳೆಯಿಂದ ಸ್ವಲ್ಪ ಮೊದಲು ಹೊರಟಿದ್ದರೆ ಎಂಬಲ್ಲಿಗೆ ಬಂದಾಗ ಕೈ ನಿಲ್ಲುತ್ತದೆ. ಇವತ್ತಿಗೂ ಮಡಲು ಬಿದ್ದ ಸದ್ದಿಗೆ ನಾನು ಎದ್ದು ನಿಲ್ಲುತ್ತೇನೆ.

"ಉಸಿರುಂಟು, ಉಸಿರುಂಟು, ಹೆದರ್ಬೇಡಿ," ಎನ್ನುತ್ತ ಕಂಡಕ್ಟರ್ ಇಳಿದು ಓಡಿ ಬಂದ. ಬಸ್ಸಿನ ಕಿಟಕಿಯಿಂದ ಯಾರೋ, "ಹೆಣ್ಣುಮಕ್ಕಳಿಗೆ ಇದೆಲ್ಲ ಎಂತಕ್ಕೆ ಬೇಕಿತ್ತು?" ಅಂದದ್ದೂ ಕೇಳಿತು.

ಕೆಳದವಡೆ ಮುರಿದಿತ್ತು, ಭುಜದ ಎಲುಬು ಮುರಿದಿತ್ತು, ಒಂದು ಕೆನ್ನೆಯ ಚರ್ಮ ರಸ್ತೆಯಲ್ಲಿ ಉಳಿದಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಹಾಕಿ ಬಾಯಿ ಮುಚ್ಚಿದರು.

ಸೈಕಲನ್ನು ಯಾರೋ ಜೀಪಿನಲ್ಲಿ ಹಾಕಿ ನಮ್ಮ ಮನೆಗೆ ತಲುಪಿಸಿದ್ದರು. ಬಟ್ಟೆಬರೆ ಒಯ್ಯಲು ಮನೆಗೆ ಬಂದ ದಿನ ಅದನ್ನು ಅಂಗಳದ ಬದಿಯಲ್ಲಿ ನೋಡಿದೆ. ಎರಡು ತುಂಡು, ಬ್ರೇಕಿನ ತಂತಿಯಲ್ಲಿ ಮಾತ್ರ ಒಂದಕ್ಕೊಂದು ಜೋತುಕೊಂಡಿದ್ದವು. ಮೇಲಿನ ಪೈಪು ಮಡಚಿ ಮುರಿದಿತ್ತು, ಕೆಳಗಿನ ಪೈಪು ಹೆಸರಿನ ನಡುವೆಯೇ ತುಂಡಾಗಿತ್ತು. ಮುರಿದ ಬಾಯಿಯ ಒಂದು ಬದಿ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಎಡಬದಿ ಮಸಿ ಹಿಡಿದ ಹಾಗೆ ಕಪ್ಪಾಗಿತ್ತು. ಒಂದೇ ಏಟಿಗೆ ಮುರಿದದ್ದು ಎರಡು ಬಣ್ಣ ತೋರಿಸುವುದಿಲ್ಲ. ಕಪ್ಪು ಭಾಗ ಮೊದಲೇ ಬಿರಿದದ್ದು. ಅಂದರೆ ನಾವು ಅಗಲ್ಪಾಡಿಯಲ್ಲಿ ಕೂತು ಶರಬತ್ತು ಕುಡಿಯುವಾಗಲೂ ಅದು ಬೆಂಚಿಗೆ ಒರಗಿಕೊಂಡು ಬಿರಿದೇ ಇತ್ತು.

ಸ್ಟಿಕ್ಕರಿನ ತುದಿ ಎದ್ದಿತ್ತು. ಎಳೆದೆ. ಕೆಂಪು ಪಟ್ಟಿಯ ಜತೆ ಬೂದು ಬಣ್ಣ ಬಂತು, ಬಣ್ಣದ ಜತೆ ಅಡಿಯಲ್ಲಿ ಮೆತ್ತಿದ್ದ ಬಿಳಿ ಪುಟ್ಟಿ ಬಂತು. ಅದರ ಕೆಳಗೆ ಉಜ್ಜಿ ಸಮ ಮಾಡಿದ ಬೆಸುಗೆಯ ಗಂಟು, ಹಳೆಯ ಗಾಯದ ಕಲೆಯ ಹಾಗೆ.

ಅಲ್ಲೇ ಕೂತು ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನು ತೆಗೆದೆ. ಸ್ಟಿಕ್ಕರ್ ಹಾಕುವ ಮೊದಲಿನ ಒಂದೇ ಒಂದು ಫೋಟೋದಲ್ಲೂ ಎಡಬದಿ ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ.

"ಹೇಗುಂಟು ಅವಳಿಗೆ?" ಅಂದ ಅವನು. ದನಿಯಲ್ಲಿ ನಿಜವಾದ ಆತಂಕವಿತ್ತು.

"ಅಣ್ಣ, ಸ್ಟಿಕ್ಕರಿನ ಅಡಿಯಲ್ಲಿ ಎಂತ ಉಂಟು?"

ಒಂದೊಂದಾಗಿ ಹೊರಬಂತು. ಸೈಕಲ್ ಅವನ ರೂಮಿನಲ್ಲಿದ್ದ ಒಬ್ಬನದು. ಆತ ಎಲ್ಲಿಗೋ ಗುದ್ದಿ ಪೈಪು ಬಿರಿದ ಮೇಲೆ ಬಿಟ್ಟು ಊರಿಗೆ ಹೋಗಿದ್ದ. ಅದು ಬಾಲ್ಕನಿಯಲ್ಲಿ ಬಿದ್ದಿತ್ತು.

"ಆದ್ರೆ ವೆಲ್ಡಿಂಗ್ ಮಾಡಿದವ ಸಾಮಾನ್ಯದವ ಅಲ್ಲ. ಎಣ್ಣೆ ಪೈಪಿಗೆ ವೆಲ್ಡಿಂಗ್ ಮಾಡುವವ. ಪೈಪು ತುಂಡಾದ್ರೂ ವೆಲ್ಡಿಂಗ್ ಬಿಡ್ಲಿಕ್ಕಿಲ್ಲ ಹೇಳಿದ್ದ."

ನಾನು ಪೈಪಿನ ಮುರಿದ ಬಾಯಿಯನ್ನು ಮತ್ತೆ ನೋಡಿದೆ. ಬೆಸುಗೆ ಗಟ್ಟಿಯಾಗಿಯೇ ಇತ್ತು. ತುಂಡಾದದ್ದು ಅದರ ಅಂಚಿನ ಪೈಪು. ಬೆಸುಗೆಯ ಬಿಸಿಗೆ ಅದು ಮೆದುವಾಗಿ ಹೋಗಿರಬೇಕು. ಅದನ್ನೇ ಹೇಳಿದೆ.

"ನೋಡು!" ಅಂದ ಅಣ್ಣ, ಒಮ್ಮೆಗೇ ಹಗುರಾದವನ ಹಾಗೆ. "ವೆಲ್ಡಿಂಗ್ ಬಿಡ್ಲಿಲ್ಲ ಅಲ್ವಾ?"

"ಮತ್ತೆ ಹೆಸರು ಯಾಕೆ ಅಂಟಿಸಿದ್ದು?"

"ಅವಳಿಗೆ ಖುಷಿ ಆಗ್ಲಿ ಅಂತ."

"ಅಲ್ಲೇ ಯಾಕೆ?"

"ಮತ್ತೆ ಹಾಗೇ ಕಳಿಸಿದ್ರೆ ನೀವು ಅವಳನ್ನು ಹತ್ತಿಸ್ತಿದ್ರಾ?"

"ಇಲ್ಲ."

"ಮತ್ತೆ!" ಅಂದ ಅವನು, ವಾದ ಗೆದ್ದವನಂತೆ.

ಬೆಸುಗೆಯಿದ್ದ ಪೈಪಿನ ತುಂಡನ್ನು ಕೊಯ್ದು ತೆಗೆದು ಅಮ್ಮನ ಎದುರು ಇಟ್ಟು ಹೇಳಿದೆ. ಅಮ್ಮ ಪೈಪಿನ ತುಂಡನ್ನು ಮುಟ್ಟಲಿಲ್ಲ. ಅದನ್ನು ಸೌದೆ ಕೊಟ್ಟಿಗೆಯಲ್ಲಿ ಮಡಲುಗಳ ಹಿಂದೆ ಇಡಲು ಹೇಳಿದರು. "ಅವಳಿಗೆ ಹೇಳ್ಬೇಡ. ಬೇಕು ಅಂತ ಮಾಡಿದ್ದಲ್ಲ ಅವ. ನಾಳೆ ನಾನು ಇಲ್ಲದಾಗ ಅವಳಿಗೆ ಇರುವುದು ಒಬ್ಬ ಅಣ್ಣ."

ಹೇಳದೆ ಇರುವುದು ಸುಲಭವಾಗಬಹುದಿತ್ತು, ತಂಗಿ ಸುಮ್ಮನಿದ್ದಿದ್ದರೆ. ಬಾಯಿಗೆ ತಂತಿಯಿದ್ದ ದಿನಗಳಲ್ಲಿ ಅವಳು ಫೋನಿನಲ್ಲಿ ಬರೆದು ತೋರಿಸುತ್ತಿದ್ದಳು. ಮೊದಲು ಬರೆದದ್ದು, ಬಸ್ಸಿನ ಡ್ರೈವರಿಗೆ ಏನೂ ತೊಂದರೆ ಆಗಲಿಲ್ಲವಲ್ಲ ಎಂದು. ಆಮೇಲೆ ಬರೆದದ್ದು: ಮುಂದಿನ ಬ್ರೇಕ್ ಜಾಸ್ತಿ ಹಿಡಿದೆನಾ? ಮತ್ತೊಂದು ದಿನ: ನನಗೆ ಹೊಂಡ ಕಾಣಲಿಲ್ಲ. ಇನ್ನೊಂದು ದಿನ: ಅಣ್ಣ ಅಷ್ಟು ಹುಡುಕಿ ಕಳಿಸಿದ್ದನ್ನು ಹಾಳು ಮಾಡಿಬಿಟ್ಟೆ.

ತಂತಿ ತೆಗೆದ ಮೇಲೂ ಅವಳು ಹಾಗೆಯೇ ಉಳಿದಳು. ಸ್ಪರ್ಧೆಯ ದಿನ ಬಂದು ಹೋಯಿತು. ಹೊಳೆಗೆ ಇಳಿಯುತ್ತಿದ್ದಳು, ಮರಳಲ್ಲಿ ನಡೆಯುತ್ತಿದ್ದಳು, ಸೈಕಲಿನ ಮಾತು ಬಂದರೆ ಮಾತ್ರ, "ಅದು ನನಗೆ ಬರುವ ವಿದ್ಯೆ ಅಲ್ಲ ಅಕ್ಕ. ಎಲ್ಲಿ ಬ್ರೇಕ್ ಹಿಡಿಯಬೇಕು ಅಂತ ಗೊತ್ತಿಲ್ಲದವಳು ನಾನು," ಎನ್ನುತ್ತಿದ್ದಳು. ನನ್ನ ಕಣ್ಣೆದುರು ಅವಳು ಸರಿಯಾಗಿಯೇ ಬ್ರೇಕ್ ಹಿಡಿದಿದ್ದಳು. ಅದನ್ನು ಕಂಡವಳು ನಾನೊಬ್ಬಳೇ. "ನೀನು ಸರಿ ಹಿಡಿದಿದ್ದಿ" ಎಂದರೆ ಅಕ್ಕ ಸಮಾಧಾನಕ್ಕೆ ಹೇಳುತ್ತಾಳೆ ಎಂದು ನಗುತ್ತಿದ್ದಳು. ಕಾರಣ ಹೇಳದೆ ಅವಳನ್ನು ನಂಬಿಸುವ ದಾರಿ ಇರಲಿಲ್ಲ; ಕಾರಣ ಹೇಳುವುದಕ್ಕೆ ಅಮ್ಮನ ಮಾತು ಅಡ್ಡವಾಗಿತ್ತು.

ಮುಂದಿನ ರಜೆಗೆ ಅಣ್ಣ ಬಂದ. ಎಂದಿನಂತೆ ಪೆಟ್ಟಿಗೆ, ಎಂದಿನಂತೆ ನೆರೆಯವರು. ಅವರೆಲ್ಲ ಹೋದ ಮೇಲೆ ಅವನು ಮನೆಯ ಮುಂದಿನ ಸಿಟೌಟಿನ ಕುರ್ಚಿಯಲ್ಲಿ ಕೂತಿದ್ದ. ತಂಗಿ ಅವನ ಚಹಾ ತಂದಿಟ್ಟು, ಬಾಗಿಲ ಕಂಬ ಹಿಡಿದು ನಿಂತಳು. ಕೆನ್ನೆಯ ಕಲೆ ಆಗ ಇನ್ನೂ ಕೆಂಪಾಗಿತ್ತು.

"ಅಣ್ಣ, ನಿನ್ನ ಸೈಕಲ್ ಉಳಿಸ್ಲಿಕ್ಕೆ ಆಗ್ಲಿಲ್ಲ ನನಗೆ. ಬೇಜಾರು ಮಾಡ್ಬೇಡ."

ಅವನು ನನ್ನ ಕಡೆ ನೋಡಲಿಲ್ಲ. ಚಹಾದ ಲೋಟವನ್ನು ನೋಡುತ್ತ ಹೇಳಿದ: "ಇರ್ಲಿ ಬಿಡು. ಜೀವ ಉಳಿಯಿತಲ್ಲ. ಇನ್ನು ಎಂತ ಮಾಡುವುದಿದ್ರೂ ಸ್ವಲ್ಪ ನಿಧಾನ ಮಾಡು."

ಅವನು ಅವಳನ್ನು ಕ್ಷಮಿಸಿದ! ಬೆಸುಗೆ ಮುಚ್ಚಿಟ್ಟದ್ದನ್ನು ನಾನು ಒಂದು ದಿನ ನುಂಗಿಕೊಳ್ಳುತ್ತಿದ್ದೆನೋ ಏನೋ. ಅಷ್ಟು ದೂರದಲ್ಲಿ ಕೂತವನಿಗೆ ಇಳಿಜಾರು ಕಾಣಲಿಲ್ಲ ಎನ್ನಬಹುದಿತ್ತು. ಆದರೆ ಆ ಮುಖವನ್ನು ಎದುರಿಗೇ ಇಟ್ಟುಕೊಂಡು ಅವನು ಅವಳ ತಪ್ಪನ್ನು ಮನ್ನಿಸಿದ.

ನಾನು ಕೊಟ್ಟಿಗೆಗೆ ಹೋದೆ. ಅಮ್ಮ ಹಿಂದಿನಿಂದ, "ಬೇಡ ಮಗಾ, ಬೇಡ," ಎನ್ನುತ್ತಿದ್ದರು. ಮಡಲುಗಳ ಹಿಂದಿನಿಂದ ಆ ತುಂಡನ್ನು ತಂದು ತಂಗಿಯ ಕೈಯಲ್ಲಿಟ್ಟೆ. ಅವಳ ಹೆಸರಿನ ಕೊನೆಯ ಅಕ್ಷರ ಅದರ ಮೇಲೆ ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು, ಪೆಟ್ಟಿಗೆ ಬಿಚ್ಚಿದ ದಿನ ಅಕ್ಷರದ ಮೇಲೆ ಆಡಿಸಿದ ಹಾಗೆಯೇ. ಕಪ್ಪು ಬದಿ, ಹೊಳೆಯುವ ಬದಿ. ಶಾಲೆಯಲ್ಲಿ ಮಕ್ಕಳ ಮುರಿದ ಬ್ಯಾಟು, ಕಂಬ ನೋಡಿದವಳಿಗೆ ಯಾರೂ ವಿವರಿಸಬೇಕಿರಲಿಲ್ಲ.

ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಅಣ್ಣನಿಗೆ ಒಂದೇ ಮಾತು ಕೇಳಿದಳು.

"ನನ್ನ ಅಳತೆ ಕೇಳಿದ್ದಲ್ಲ ನೀನು. ಆಗ ಸೈಕಲ್ ನಿನ್ನ ಹತ್ತಿರವೇ ಇತ್ತಾ?"

"ಇತ್ತು," ಅಂದ. "ಆಗ್ತದಾ ಅಂತ ನೋಡ್ಲಿಕ್ಕೆ ಕೇಳಿದ್ದು."

"ಅಂಗಡಿಗಳು?"

ಅವನು ತಲೆ ತಗ್ಗಿಸಿದ. ತಂಗಿ ತುಂಡನ್ನು ಅವನ ಚಹಾದ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು. ಅವನು ಕರೆದ, ಎರಡನೆಯ ಸಲ ಮನೆಯಲ್ಲಿ ಕರೆಯುವ ಆ ಹೆಸರು ಹಿಡಿದು ಕರೆದ. ಅವಳು ತಿರುಗಲಿಲ್ಲ. ಅಂದಿನಿಂದ ಅವಳು ಅವನ ಜತೆ ಮಾತಾಡುತ್ತಾಳೆ, ಊಟ ಬಡಿಸುತ್ತಾಳೆ. ಆದರೆ ಆ ಹೆಸರಿನಿಂದ ಕರೆದರೆ ಓಗೊಡುವುದಿಲ್ಲ. ಅಣ್ಣ ಈಗ ಶಾಲೆಯ ಹೆಸರಿನಿಂದ ಕರೆಯುತ್ತಾನೆ. ನಮ್ಮ ಮನೆಯೊಳಗೆ ಆ ಹೆಸರು ಕೇಳಿದಾಗ ಯಾರೋ ಪರಕೀಯರು ಬಂದ ಹಾಗಾಗುತ್ತದೆ.

ಅಣ್ಣ ವಾಪಸು ಹೋದ ಕೆಲವು ಸಮಯದ ಮೇಲೆ ಅವಳು ಮತ್ತೆ ಗೋಡೆಗೆ ಬೆನ್ನು ಒತ್ತಿ ನಿಂತಳು. ಹಳೆಯ ಪೆನ್ಸಿಲ್ ಗೆರೆ ಹಾಗೆಯೇ ಇತ್ತು, ಅಳತೆ ಬದಲಾಗಿರಲಿಲ್ಲ. ಮಂಗಳೂರಿನಲ್ಲಿ ಬೇರೊಂದು ಅಂಗಡಿಗೆ ಹೇಳಿ ಅವಳ ಸೈಜಿನ ಅಲ್ಯೂಮಿನಿಯಂ ಸೈಕಲ್ ತರಿಸಿದೆವು. ಅವಳು ಹತ್ತುವ ಮೊದಲು ಅದನ್ನು ತಲೆಕೆಳಗೆ ನಿಲ್ಲಿಸಿ, ಪ್ರತಿ ಪೈಪಿನ ಸುತ್ತಲೂ ಅಂಗೈ ಆಡಿಸಿದಳು. ಅಂಗಡಿಯವ ಕಾದು ಕಾದು, "ಹೆಸರು ಬೇಕಾದ್ರೆ ಸ್ಟಿಕ್ಕರ್ ಹಾಕಿ ಕೊಡ್ತೇನೆ ಮೇಡಂ," ಅಂದ.

"ಬೇಡ. ಇದ್ದದ್ದನ್ನೂ ಕೀಳಿ."

ಅವನು ಕಂಪೆನಿಯ ಹೆಸರನ್ನೂ ಕಿತ್ತು ಕೊಟ್ಟ.

ಭಾನುವಾರ ನಾನು ಮತ್ತೆ ಸ್ಕೂಟರಿನಲ್ಲಿ ಅವಳ ಹಿಂದೆ. ಹಿಂದಿನಿಂದ ನನಗೆ ಕಾಣುವುದು ಅವಳ ಬೆನ್ನು, ಹಿಂದಿನ ಚಕ್ರ, ಅಷ್ಟೇ. ಆ ಪೈಪು ಕಾಣುವುದಿಲ್ಲ. ಸೀತಂಗೋಳಿ ದಾಟಿ ಇಳಿಜಾರು ಶುರುವಾಗುವಲ್ಲಿ ನನ್ನ ಕೈ ಬೆವರುತ್ತದೆ. ನಾನು ಇದನ್ನು ಅವಳಿಗೆ ಎಂದೂ ಹೇಳಿಲ್ಲ. ಆದರೂ ಅಲ್ಲಿ, ತಿರುವಿಗೆ ಮೊದಲು, ಅವಳು ಕಾಲು ಊರಿ ನಿಲ್ಲುತ್ತಾಳೆ. ಸೈಕಲನ್ನು ಒಂದು ಕೈಯಲ್ಲಿ ಎತ್ತಿ, ತಿರುಗಿಸಿ, ಎಡಬದಿಯನ್ನು ನನಗೆ ತೋರಿಸುತ್ತಾಳೆ.

"ನೋಡಿ ಆಯ್ತಾ?"

"ಆಯ್ತು."

ಆಮೇಲೆ ಇಳಿಯುತ್ತೇವೆ.